ಸೈಗಾನಿನಲ್ಲಿ ಅತ್ತೆ ದಾಟಿದ ರಸ್ತೆ

ಆ ಪ್ರವಾಸಕ್ಕೆ ಹೋಗಬೇಕಾಗಿದ್ದವರು ನಾನು ಮತ್ತು ನಮ್ಮ ಯಜಮಾನರು. ಮುದ್ದೇಬಿಹಾಳದಲ್ಲಿ ನಮ್ಮದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಆ ವರ್ಷ ತೊಗರಿ ಬೀಜ ಚೆನ್ನಾಗಿ ಹೋಗಿದ್ದಕ್ಕೆ ಬೀಜದ ಕಂಪನಿಯವರು ಜಿಲ್ಲೆಯ ಕೆಲವು ವ್ಯಾಪಾರಿಗಳನ್ನು ಜೋಡಿಯಾಗಿ ವಿಯೆಟ್ನಾಮಿಗೆ ಕರೆದೊಯ್ಯುವುದಾಗಿ ಹೇಳಿದ್ದರು. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ, ಲಾರಿಯಿಂದ ಇಳಿಸುತ್ತಿದ್ದ ಗೊಬ್ಬರದ ಚೀಲ ಯಜಮಾನರ ಪಾದದ ಮೇಲೆ ಬಿದ್ದು ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಕೂತವರು, "ನೀ ಅವ್ವನ್ನ ಕರ್ಕೊಂಡ ಹೋಗು. ಆಕಿ ಹತ್ರ ಪಾಸ್‌ಪೋರ್ಟ್ ಐತಿ" ಅಂದರು.

ಪಾಸ್‌ಪೋರ್ಟು ಇದ್ದದ್ದು ನಿಜ. ಓಣಿಯ ಹೆಂಗಸರೊಂದಿಗೆ ನೇಪಾಳದ ಯಾತ್ರೆಗೆ ಹೋಗಬೇಕೆಂದು ಅತ್ತೆ ಮಾಡಿಸಿಟ್ಟಿದ್ದರು. ಆ ಯಾತ್ರೆ ಆಗಲಿಲ್ಲ, ಪಾಸ್‌ಪೋರ್ಟು ಮಾತ್ರ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಮಡಿಕೆಯೊಳಗೆ ಹೊಸದಾಗಿಯೇ ಉಳಿದಿತ್ತು. ಮಗನ ಮಾತು ಕೇಳಿ ಅತ್ತೆ ಎತ್ತಿದ ಪ್ರಶ್ನೆ ಒಂದೇ.

"ಆ ಊರಾಗ ತಿನ್ನಾಕ ಏನ ಸಿಗತೈತಿ?"

"ಗೊತ್ತಿಲ್ಲರಿ ಅತ್ತೀ" ಅಂದೆ.

ಮರುದಿನವೇ ಅವರು ಖಡಕ್ ರೊಟ್ಟಿ ಬಡಿಯಲು ಕೂತರು. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿಯ ಪುಡಿ ಎಲ್ಲ ಸೇರಿ ಒಂದು ಬ್ಯಾಗು ತುಂಬಿತು.

ನಿಜ ಹೇಳಬೇಕೆಂದರೆ ನನಗೆ ಅಷ್ಟೊಂದು ಹುರುಪು ಉಳಿದಿರಲಿಲ್ಲ. ಬಸವನ ಬಾಗೇವಾಡಿಯಿಂದ ಸೊಸೆಯಾಗಿ ಆ ಮನೆಗೆ ಬಂದು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಅಷ್ಟು ಕಾಲದಲ್ಲಿ ನಾನೂ ಅತ್ತೆಯೂ ಇಬ್ಬರೇ ಎಲ್ಲಿಗೂ ಹೋದವರಲ್ಲ. ನಮ್ಮ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರು ಮೋರಟಗಿಯ ಕಡೆಯವರು, ಮಾತು ಕಡಿದು ಇಟ್ಟ ಹಾಗೆ. ಹೊಗಳುವುದು ಅವರಿಗೆ ಬಾರದು. ಸಾರು ರುಚಿಯಾಗಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ನಾನೇ ತಿಳಿದುಕೊಳ್ಳಬೇಕು. ಇಂಥವರೊಡನೆ ಪರದೇಶದಲ್ಲಿ ಒಂದೇ ಕೋಣೆಯಲ್ಲಿ ಇರುವುದು ಹೇಗೆ ಎಂಬ ಅಳುಕಿನಲ್ಲೇ ನಾನು ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದು.

ವಿಮಾನದಲ್ಲಿ ಅತ್ತೆ ಏನನ್ನೂ ಬಾಯಿಗೆ ಹಾಕಲಿಲ್ಲ. ಊಟದ ಡಬ್ಬಿ ತಂದ ಹುಡುಗಿಗೆ ಕೈಯಾಡಿಸಿ ಬೇಡವೆಂದರು. "ಇವತ್ತ ಹುಣ್ಣಿಮಿ. ಪೂಜಿ ಆಗೂತನಕ ನಾ ಏನೂ ತಿನ್ನಂಗಿಲ್ಲ" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು.

ನಾವು ಇಳಿದ ನಗರಕ್ಕೆ ಟಿಕೆಟ್ಟಿನಲ್ಲಿ ಬೇರೆ ಹೆಸರಿದ್ದರೂ ಅಲ್ಲಿಯ ಜನ ಈಗಲೂ ಸೈಗಾನ್ ಎಂದೇ ಕರೆಯುತ್ತಾರೆ. ವಿಮಾನ ನಿಲ್ದಾಣದ ಬಾಗಿಲು ದಾಟಿದೊಡನೆ ನಮ್ಮ ಗುಂಪು ನಿಂತುಬಿಟ್ಟಿತು. ಹೊರಗೆ ಅಷ್ಟು ಜನ! ಅಜ್ಜಿಯರು, ಕೂಸು ಎತ್ತಿಕೊಂಡ ತಾಯಂದಿರು, ಹೂಗೊಂಚಲು ಹಿಡಿದ ಮಕ್ಕಳು, ಎಲ್ಲರೂ ಕಂಬಿಗೆ ಆತು ನಿಂತು ಒಳಗಿನಿಂದ ಬರುವವರ ಮುಖಗಳನ್ನೇ ಹುಡುಕುತ್ತಿದ್ದರು. ತಮ್ಮವರು ಕಂಡೊಡನೆ ಚೀರಿ, ಓಡಿ, ತಬ್ಬಿಕೊಳ್ಳುತ್ತಿದ್ದರು. ಒಬ್ಬ ಮನುಷ್ಯನನ್ನು ಕರೆದೊಯ್ಯಲು ಇಡೀ ಮನೆಯೇ ಬಂದಂತಿತ್ತು.

"ನಮ್ಮಂಗ ಅದಾರ ಬಿಡು" ಅಂದರು ಅತ್ತೆ. ಆ ನಗರದ ಬಗ್ಗೆ ಅವರಾಡಿದ ಮೊದಲ ಮಾತು ಅದು.

ನಮಗಾಗಿ ಬಂದಿದ್ದ ಗೈಡು ಮೂವತ್ತು ದಾಟಿದ, ನಗುಮುಖದ ಹೆಂಗಸು. ಆಕೆಯ ಇಂಗ್ಲಿಷು ಸಣ್ಣ ಸಣ್ಣ ತುಂಡುಗಳಾಗಿ ಬರುತ್ತಿತ್ತು. ನನ್ನದೂ ಹಾಗೆಯೇ. ಬಿ.ಎಡ್. ಓದಿದವಳಾದರೂ ನನ್ನ ಇಂಗ್ಲಿಷು ಉಳಿದುಕೊಂಡದ್ದು ಔಷಧಿ ಡಬ್ಬಿಗಳ ಮೇಲಿನ ಸೂಚನೆಗಳನ್ನು ರೈತರಿಗೆ ಓದಿ ಹೇಳುವುದರಿಂದ. ಆದ್ದರಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು. ಬಸ್ಸಿನಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ತಾನು ಹೇಳಿದ್ದನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ನನಗೇ ಒಪ್ಪಿಸಿದಳು.

ಆದರೆ ಅಂದು ಆಕೆ ಹೇಳಿದ್ದನ್ನು ಕೇಳುವವರು ಯಾರು? ಎಲ್ಲರೂ ಕಿಟಕಿಗೆ ಅಂಟಿಕೊಂಡಿದ್ದರು. ರಸ್ತೆಯ ತುಂಬ ದ್ವಿಚಕ್ರ ವಾಹನಗಳು. ಸಿಗ್ನಲ್ಲಿನ ಮುಂದೆ ಬಂದು ಬಂದು ಸೇರಿ, ಹಸಿರು ದೀಪ ಬಿದ್ದೊಡನೆ ಕಾಲುವೆಯ ಗೇಟು ಎತ್ತಿದಾಗ ನೀರು ನುಗ್ಗುವಂತೆ ನುಗ್ಗುತ್ತಿದ್ದವು. ಒಂದು ಗಾಡಿಯ ಮೇಲೆ ಹೂಬಿಟ್ಟ ಕುಂಡಗಳು, ಇನ್ನೊಂದರ ಮೇಲೆ ಫ್ರಿಜ್ಜು, ಮತ್ತೊಂದರಲ್ಲಿ ಕಾಲಿಡುವ ಜಾಗದಲ್ಲಿ ನಾಯಿಯೊಂದು ಯಜಮಾನನಂತೆ ನಿಂತು ಗಾಳಿಗೆ ಮುಖವೊಡ್ಡಿತ್ತು. ಗಾಡಿ ಓಡಿಸುವವರಲ್ಲಿ ಹೆಂಗಸರೇ ಹೆಚ್ಚೇನೋ ಅನಿಸಿತು. ಬಿಸಿಲಿಗೆ ಮೈತುಂಬ ಹೂವಿನ ಅಂಗಿ, ಕೈಗೆ ಗವಸು, ಮುಖಕ್ಕೆ ಮುಸುಕು. ಅತ್ತೆಯ ವಯಸ್ಸಿನ ಅಜ್ಜಿಯೊಬ್ಬರು ಸೊಪ್ಪಿನ ಕಟ್ಟುಗಳನ್ನು ಹಿಂದೆ ಹೇರಿಕೊಂಡು ನಮ್ಮ ಬಸ್ಸಿನ ಪಕ್ಕದಲ್ಲೇ ಸಾಗಿದರು. ಅತ್ತೆ ಆಕೆ ಕಣ್ಮರೆಯಾಗುವವರೆಗೂ ನೋಡಿದರು.

ನಗರದ ಮನೆಗಳು ಅಗಲದಲ್ಲಿ ನಮ್ಮ ಅಂಗಡಿಯಷ್ಟೇ, ಎತ್ತರದಲ್ಲಿ ಮಾತ್ರ ಐದಾರು ಅಂತಸ್ತು. ಪ್ರತಿ ಅಂತಸ್ತಿನಲ್ಲೂ ಗಿಡ. ಕೆಳಗೆ ಅಂಗಡಿ, ಅಂಗಡಿಯ ಮುಂದೆ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳು, ಅವುಗಳ ಮೇಲೆ ಕೂತು ಬಟ್ಟಲಿಗೆ ಮುಖವಿಟ್ಟು ಉಣ್ಣುವ ಜನ. ಯಾರ ಮುಖದಲ್ಲೂ ಸೋಮಾರಿತನವಿಲ್ಲ, ಹಾಗೆಂದು ಗಡಿಬಿಡಿಯೂ ಇಲ್ಲ. ಇಷ್ಟೊಂದು ಗದ್ದಲದ ಊರು ಇಷ್ಟು ಶಾಂತವಾಗಿ ಕೆಲಸ ಮಾಡುವುದು ನನಗೆ ಅಚ್ಚರಿಯಾಗಿ ಕಂಡಿತು.

ಹೋಟೆಲಿದ್ದ ಓಣಿಗೆ ಬಸ್ಸು ಹೋಗುತ್ತಿರಲಿಲ್ಲ. ದೊಡ್ಡ ರಸ್ತೆಯ ಈಚೆ ಬದಿಯಲ್ಲಿ ನಮ್ಮನ್ನು ಇಳಿಸಿದರು. ಸಾಮಾನು ಬೇರೆ ಗಾಡಿಯಲ್ಲಿ ಬರುತ್ತದೆ, ನಾವು ರಸ್ತೆ ದಾಟಿದರೆ ಸಾಕು ಎಂದಳು ಗೈಡು. ದಾಟಿದರೆ ಸಾಕು! ಸಿಗ್ನಲ್ಲೂ ಇಲ್ಲ, ಪೊಲೀಸನೂ ಇಲ್ಲ. ಕಣ್ಣೆದುರಿಗೆ ಎರಡೂ ಕಡೆಯಿಂದ ಎಡೆಬಿಡದೆ ಹರಿಯುವ ಗಾಡಿಗಳು.

"ನಿಧಾನವಾಗಿ ನಡೆಯಬೇಕಂತೆ. ನಿಲ್ಲಬಾರದು, ಓಡಬಾರದು, ಹಿಂದಕ್ಕೆ ಬರಬಾರದು. ಗಾಡಿಯವರೇ ನಮ್ಮನ್ನು ನೋಡಿಕೊಂಡು ಹೋಗ್ತಾರಂತೆ" ಎಂದು ನಾನು ಎಲ್ಲರಿಗೂ ಹೇಳಿದೆ.

ಇಂಡಿ ತಾಲೂಕಿನಿಂದ ಬಂದ ವ್ಯಾಪಾರಿಯೊಬ್ಬರು ಆಳೆತ್ತರದ, ದಪ್ಪ ಮೀಸೆಯ ಮನುಷ್ಯ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಕ್ಕಾರ, ಅವರ ನೋಡಿಕೊಂಡ ಹೋಗ್ತಾರಂತ ಹೆಂಗ ನಂಬೂದ್ರಿ? ಇಲ್ಲೇ ಒಂದ ರೂಮ್ ಮಾಡಿ ಕೊಡಂತ ಹೇಳ್ರಿ ಆಕಿಗೆ" ಅಂದರು. ಅವರ ಹೆಂಡತಿ ಅದಾಗಲೇ ಅವರ ಅಂಗಿಯ ತುದಿ ಹಿಡಿದುಕೊಂಡಿದ್ದರು. ಎಲ್ಲರೂ ನಕ್ಕೆವು, ಆದರೆ ಯಾರೊಬ್ಬರೂ ಕಾಲು ಮುಂದಿಡಲಿಲ್ಲ.

ನಗು ನಿಂತಾಗ ಪಕ್ಕಕ್ಕೆ ತಿರುಗಿದೆ. ಅತ್ತೆ ಇರಲಿಲ್ಲ.

ಹಿಂದೆ ನೋಡಿದೆ, ಬಸ್ಸು ನಿಂತಿದ್ದ ಕಡೆ ನೋಡಿದೆ. ಆಮೇಲೆ ರಸ್ತೆಯ ಕಡೆ ನೋಡಿದರೆ ಹಸಿರು ಇಳಕಲ್ ಸೀರೆ ಆ ಪ್ರವಾಹದ ನಟ್ಟನಡುವೆ ಇತ್ತು. ಅಲ್ಲಿಯ ಹೆಂಗಸೊಬ್ಬಳು ಹೆಗಲ ಮೇಲೆ ಕಾವಡಿ ಹೊತ್ತು, ತಲೆಗೆ ತಾಳೆಗರಿಯ ಚೂಪು ಟೊಪ್ಪಿಗೆ ಹಾಕಿಕೊಂಡು ದಾಟುತ್ತಿದ್ದಳು. ಅವಳ ಬೆನ್ನಿಗೇ ಅತ್ತೆ ನಡೆಯುತ್ತಿದ್ದರು. ಕಂಕುಳಲ್ಲಿ ರೊಟ್ಟಿಯ ಬ್ಯಾಗು, ತಲೆಯ ಮೇಲೆ ಸೆರಗು. ಗಾಡಿಗಳು ಅವರಿಬ್ಬರ ಅಕ್ಕಪಕ್ಕದಲ್ಲಿ ಸೀಳಿಕೊಂಡು ಹೋಗುತ್ತಿದ್ದವು. "ಅತ್ತೀ!" ಎಂದು ಚೀರಿದೆ. ಅಷ್ಟರಲ್ಲಿ ಎರಡು ಬಸ್ಸುಗಳು ಅಡ್ಡ ಬಂದವು. ಅವು ಹೋದಮೇಲೆ ಆಚೆ ಬದಿಯಲ್ಲಿ ಕಾವಡಿಯೂ ಇಲ್ಲ, ಹಸಿರು ಸೀರೆಯೂ ಇಲ್ಲ.

ಅತ್ತೆಯ ಹತ್ತಿರ ಫೋನಿರಲಿಲ್ಲ. ಹೋಟೆಲಿನ ಹೆಸರು ಗೊತ್ತಿರಲಿಲ್ಲ. ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಗೈಡು ಏನೋ ಹೇಳುತ್ತಿದ್ದಂತೆಯೇ ನಾನು ರಸ್ತೆಗೆ ಇಳಿದುಬಿಟ್ಟೆ.

ಆ ರಸ್ತೆಯನ್ನು ದಾಟಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ನಾಲ್ಕಾರು ಹೆಜ್ಜೆ ಬರೀ ಹೆದರಿಕೆ. ಕಣ್ಣು ಮುಚ್ಚಬೇಕೆನಿಸಿತು. ಆಮೇಲೆ ಗೊತ್ತಾಯಿತು, ಗಾಡಿಗಳ ಮೇಲಿನ ಜನ ನನ್ನನ್ನು ದೂರದಿಂದಲೇ ನೋಡುತ್ತಿದ್ದಾರೆ. ಮುಸುಕಿನ ಮೇಲೆ ಕಣ್ಣಷ್ಟೇ ಕಾಣುತ್ತದೆ, ಆ ಕಣ್ಣು ನನ್ನ ಕಾಲಿನ ನಡಿಗೆಯನ್ನು ಅಳೆಯುತ್ತದೆ, ಗಾಡಿ ತುಸು ಎಡಕ್ಕೋ ಬಲಕ್ಕೋ ವಾಲುತ್ತದೆ. ಯಾರೂ ಬೈಯಲಿಲ್ಲ, ಯಾರೂ ಗುರಾಯಿಸಲಿಲ್ಲ. ಒಬ್ಬ ಮುದುಕ ನನಗೆ ದಾರಿ ಬಿಟ್ಟು, ಹೋಗು ಹೋಗು ಎಂಬಂತೆ ತಲೆಯಾಡಿಸಿದ. ಊರಿನಲ್ಲಿ ನಾನು ಬಸ್‌ಸ್ಟ್ಯಾಂಡಿನ ಎದುರಿನ ರಸ್ತೆ ದಾಟುವಾಗ ಎಲ್ಲರನ್ನೂ ಶಪಿಸುತ್ತಲೇ ದಾಟುತ್ತೇನೆ. ಇಲ್ಲಿ ಗುರುತಿಲ್ಲದ ಇಷ್ಟೊಂದು ಜನ ನನ್ನೊಬ್ಬಳನ್ನು ಕೈಯಿಂದ ಕೈಗೆ ದಾಟಿಸಿದಂತೆ ಆಚೆ ಬದಿಗೆ ತಲುಪಿಸಿದರು. ಹೆದರಿಕೆಯ ನಡುವೆಯೇ ಆ ಊರಿನ ಮೇಲೆ ನನಗೆ ಗೌರವ ಹುಟ್ಟಿತು.

ಗೈಡು ನನ್ನ ಹಿಂದೆಯೇ ದಾಟಿ ಬಂದಿದ್ದಳು. ಕಾವಡಿಯ ಹೆಂಗಸು ಯಾವ ಕಡೆ ಹೋದಳೆಂದು ಬೀಡಾ ಅಂಗಡಿಯಂಥ ಒಂದು ಪುಟ್ಟ ಅಂಗಡಿಯಲ್ಲಿ ಕೇಳಿದಳು. ಅಂಗಡಿಯಾಕೆ ಓಣಿಯೊಂದರ ಕಡೆ ಕೈ ಮಾಡಿದಳು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟು ಇಕ್ಕಟ್ಟಿನ ಓಣಿ. ಮನೆಗಳ ಮುಂದೆ ಸಣ್ಣ ಸ್ಟೂಲುಗಳ ಮೇಲೆ ಹಣ್ಣು, ಸೇವಂತಿಗೆ, ಊದುಬತ್ತಿ ಇಟ್ಟಿದ್ದರು. ಓಣಿಯ ತಿರುವಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಮಕ್ಕಳ ಸ್ಟೂಲಿನಂಥ ಕೆಂಪು ಸ್ಟೂಲಿನ ಮೇಲೆ ನಮ್ಮ ಅತ್ತೆ ಕೂತಿದ್ದರು. ಚಪ್ಪಲಿ ಬದಿಗೆ ಬಿಟ್ಟು, ಕೈಯಲ್ಲಿ ಬಟ್ಟಲು ಹಿಡಿದು ಏನನ್ನೋ ತಿನ್ನುತ್ತಿದ್ದರು. ಎದುರಿಗೆ ಕಾವಡಿ ಇಳಿಸಿ ಕುಕ್ಕರಗಾಲಲ್ಲಿ ಕೂತ ಆ ಹೆಂಗಸು.

"ಬಂದೇನು?" ಅಂದರು ಅತ್ತೆ. "ಕೂಡು. ಗಿಣ್ಣ ತಿನ್ನು. ಎಷ್ಟ ಛಲೋ ಮಾಡ್ಯಾಳ ನೋಡು."

ನನಗೆ ಏನಾಯಿತೋ. ಇಪ್ಪತ್ತೈದು ವರ್ಷ ಏರಿಸದಿದ್ದ ಧ್ವನಿ ಏರಿತು. "ಗಿಣ್ಣ ಅಂತ ಗಿಣ್ಣ! ನಿಮಗೇನರ ಬುದ್ಧಿ ಐತೇನ್ರಿ? ಹೇಳಿ ಹೋಗಾಕ ಬರಂಗಿಲ್ಲೇನು? ಈ ಊರಾಗ ನೀವು ಸಿಗದಿದ್ರ ನಿಮ್ಮ ಮಗಗ ನಾ ಏನ ಮಾರಿ ತೋರಿಸಬೇಕಾಗಿತ್ತು?" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದೆ. ಮೇಲಿನ ಕಿಟಕಿಯಿಂದ ಯಾರೋ ಇಣುಕಿದರು. ಕೂಗಿ ಮುಗಿದಮೇಲೆ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅತ್ತೆ ಸಿಟ್ಟಾಗಲಿಲ್ಲ. ಚಮಚ ಬಟ್ಟಲಲ್ಲಿಟ್ಟು ನನ್ನನ್ನೇ ನೋಡಿದರು. "ಒಬ್ಬಾಕೇ ದಾಟಿ ಬಂದೇನು?" ಎಂದು ಮೆಲ್ಲಗೆ ಕೇಳಿದರು.

ಕಾವಡಿಯ ಹೆಂಗಸು ನನಗೂ ಒಂದು ಬಟ್ಟಲು ತುಂಬಿ ಕೊಟ್ಟಳು. ಬಿಳಿಯದು, ಮೆತ್ತಗಿನದು, ಬಿಸಿಬಿಸಿ, ಮೇಲೆ ಶುಂಠಿ ಹಾಕಿದ ಬೆಲ್ಲದ ಪಾಕದಂಥದ್ದು. ನೋಡಲು ಥೇಟ್ ಎಮ್ಮೆಯ ಗಿಣ್ಣವೇ. ಗೈಡು ನಗುತ್ತ, ಇದು ಹಾಲಿನದಲ್ಲ, ಸೋಯಾ ಕಾಳಿನದು ಎಂದಳು. ನಾನದನ್ನು ಹೇಳಿದಾಗ ಅತ್ತೆ ಬಟ್ಟಲನ್ನು ಕಣ್ಣಿನ ಹತ್ತಿರ ತಂದರು.

"ನಮ್ಮ ಅಂಗಡ್ಯಾಗ ಮಾರ್ತೀವಲ್ಲ, ಆ ಸೋಯಾ? ಇಷ್ಟ ದಿನಾ ಮಾರಿ ಮಾರಿ ಇದನ್ನ ಮಾಡಾಕ ಬರೂದು ಗೊತ್ತಾಗಲಿಲ್ಲಲ್ಲ!"

"ಮತ್ತ ಪೂಜಿ ಆಗೂತನಕ ತಿನ್ನಂಗಿಲ್ಲ ಅಂದಿದ್ರಿ?" ಎಂದೆ, ಇನ್ನೂ ಸಿಟ್ಟಿನಲ್ಲೇ.

ಅತ್ತೆ ಗೋಡೆಯ ಬುಡಕ್ಕೆ ಬೆರಳು ತೋರಿಸಿದರು. ಅಲ್ಲೊಂದು ಬಟ್ಟಲಿನ ತುಂಬ ಅದೇ ಗಿಣ್ಣ, ಪಕ್ಕದಲ್ಲಿ ಊದುಬತ್ತಿ, ಒಂದು ಹೂವು. "ದಾಟಿದ ಮ್ಯಾಲ ಆಕಿ ಬಾ ಅಂತ ಕೈ ಮಾಡಿದಳು, ಬೆನ್ನ ಹತ್ತಿ ಬಂದೆ. ಮೊದಲ ಅಲ್ಲಿಟ್ಟು ಕೈ ಮುಗದಳು. ನಾನೂ ಮುಗದೆ. ಪೂಜಿ ಆತಲ್ಲ."

ಗೈಡು ವಿವರಿಸಿದಳು. ಅಲ್ಲಿಯೂ ಹುಣ್ಣಿಮೆ, ಅಮಾವಾಸ್ಯೆಗೆ ಬಹಳ ಜನ ಮಾಂಸ ತಿನ್ನುವುದಿಲ್ಲವಂತೆ. ಸತ್ತ ಹಿರಿಯರಿಗೆ ಎಡೆ ಇಡುತ್ತಾರಂತೆ. ಆ ಬಟ್ಟಲು ಈ ಹೆಂಗಸು ತನ್ನ ಅತ್ತೆಗೆ ಇಟ್ಟದ್ದು. ಈ ತಿನಿಸು ಮಾಡುವುದನ್ನು ಕಲಿಸಿದವಳೂ ಆ ಅತ್ತೆಯೇ. ಇಬ್ಬರೂ ಜೀವಮಾನವಿಡೀ ಜಗಳವಾಡಿದರಂತೆ. ಪಾಕಕ್ಕೆ ಶುಂಠಿ ಹೆಚ್ಚಾಯಿತೆಂದು ಒಬ್ಬಳು, ಕಡಿಮೆಯಾಯಿತೆಂದು ಇನ್ನೊಬ್ಬಳು. "ಈಗಲೂ ಇಡುವಾಗ, ಶುಂಠಿ ಸಾಕೇ ಎಂದು ಕೇಳುತ್ತೇನೆ ಅನ್ನುತ್ತಾಳೆ" ಎಂದಳು ಗೈಡು.

ನಾನದನ್ನು ಕನ್ನಡದಲ್ಲಿ ಹೇಳಿದೆ. ಅಷ್ಟರಲ್ಲಿ ಕಾವಡಿಯ ಹೆಂಗಸು ನನ್ನ ಕಡೆ ಕೈ ತೋರಿಸಿ ಏನೋ ಕೇಳಿದಳು. ಇವಳು ಮಗಳೋ ಸೊಸೆಯೋ, ಇಷ್ಟೊಂದು ಬೈದಳಲ್ಲ ಎಂದು ಆಕೆಯ ಪ್ರಶ್ನೆ.

"ಸೊಸಿ ಅಂತ ಹೇಳು" ಅಂದರು ಅತ್ತೆ. "ಎಂಥಾಕಿ ಅಂತ ಕೇಳಿದ್ರ ನಾ ಹೇಳ್ತೇನಿ, ನೀ ಹಂಗ ಆಕಿಗೆ ತಿಳಿಸು."

ಹಾಗೆ ಅತ್ತೆ ನನ್ನ ಬಗ್ಗೆ ಮಾತಾಡತೊಡಗಿದರು. ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಗೈಡಿಗೆ ಹೇಳಬೇಕು, ಆಕೆ ತನ್ನ ಭಾಷೆಯಲ್ಲಿ ಆ ಹೆಂಗಸಿಗೆ ಹೇಳಬೇಕು.

"ಈಕಿ ಅಂಗಡ್ಯಾಗ ಕುಂತ್ರ ರೈತರು ನನ್ನ ಮಗನ್ನ ಬಿಟ್ಟು ಈಕಿನ್ನ ಕೇಳ್ತಾರ. ಯಾವ ಬೆಳಿಗೆ ಯಾವ ಔಷಧಿ ಹೊಡೀಬೇಕು, ಯಾವುದು ಬ್ಯಾಡ, ಎಲ್ಲಾ ಓದಿ ಹೇಳ್ತಾಳ. ಬ್ಯಾಡಾಗಿದ್ದನ್ನ ಮಾರಂಗಿಲ್ಲ. ನನಗ ಜ್ವರಾ ಬಂದಾಗ ಹಗಲೂ ರಾತ್ರಿ ಕುಂತಾಳ, ಒಮ್ಮೆನೂ ಅಂದು ತೋರಿಸಿಲ್ಲ."

ಇದನ್ನೆಲ್ಲ ಅವರು ಗಮನಿಸಿದ್ದರೆಂದೇ ನನಗೆ ಗೊತ್ತಿರಲಿಲ್ಲ. ನನ್ನ ಹೊಗಳಿಕೆಯನ್ನು ನನ್ನ ಬಾಯಿಂದಲೇ ಹೇಗೆ ಹೇಳಲಿ? "ಒಳ್ಳೆಯ ಸೊಸೆ ಅನ್ನುತ್ತಾರೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ.

ಗೈಡು ಒಪ್ಪಲಿಲ್ಲ. "ಅಮ್ಮ ಉದ್ದ ಮಾತಾಡಿದರು, ನೀವು ಬಹಳ ಚಿಕ್ಕದು ಹೇಳಿದಿರಿ" ಎಂದಳು. ಅತ್ತೆಗೆ ಅವಳ ಮಾತು ತಿಳಿಯದಿದ್ದರೂ ಮುಖ ನೋಡಿಯೇ ಅರ್ಥವಾಯಿತು.

"ಪೂರಾ ಹೇಳಿಲ್ಲೇನು? ಹೇಳು. ಇನ್ನೂ ಐತಿ."

ಹೇಳಿದೆ. ತಡವರಿಸುತ್ತ, ಒಂದೊಂದೇ ಮಾತಾಗಿ ಹೇಳಿದೆ. ಅತ್ತೆ ಮುಂದುವರಿಸಿದರು. ಈ ಸಲ ಅವರ ದನಿ ತಗ್ಗಿತ್ತು.

"ಲಗ್ನಾಗಿ ಬಂದ ವರ್ಷ ಈಕಿಗೆ ತಾಳಿಕೋಟ್ಯಾಗ ಸಾಲಿ ನೌಕರಿ ಬಂದಿತ್ತು. ದಿನಾ ಬಸ್ಸಿಗೆ ಹೋಗೂದು ಬ್ಯಾಡ ಅಂದಾಕಿ ನಾನ. ಆವಾಗ ನನಗ ಅಷ್ಟ ತಿಳೀತಿತ್ತು. ಇವತ್ತ ಇಲ್ಲೆ ಮುದುಕ್ಯಾರ ಸುದ್ದಾ ಗಾಡಿ ಹೊಡಕೊಂಡು ಹೊಂಟಾರ. ಬಸ್ಸಿನ್ಯಾಗ ಕುಂತು ಅದನ್ನ ನೋಡಾಕತ್ತಿದ್ದೆ. ಹೋಗಗೊಡಬೇಕಿತ್ತು ನಾನು."

ಗೈಡು ನನ್ನನ್ನೇ ನೋಡುತ್ತ ಕಾದಳು. ಆ ನೌಕರಿಯ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತದೆ ಎಷ್ಟೋ ಕಾಲವಾಗಿತ್ತು. ನಾನು ಮರೆತಿದ್ದೇನೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಮಕ್ಕಳು ಅಂಗಡಿಯ ಮುಂದೆ ಹಾಯ್ದು ಹೋಗುವಾಗ ಪ್ರತಿ ವರ್ಷವೂ ಒಳಗೆ ಸಣ್ಣಗೆ ಚುಚ್ಚುತ್ತಿತ್ತು. ಕಣ್ಣು ತುಂಬಿ ಬಂದವು. ಕಾವಡಿಯ ಹೆಂಗಸು ಅನುವಾದಕ್ಕೆ ಕಾಯಲಿಲ್ಲ. ನನ್ನ ಬಟ್ಟಲಿಗೆ ಇನ್ನೊಂದು ಸೌಟು ಪಾಕ ಸುರಿದಳು.

ನಾನು ಅತ್ತೆಗೆ, "ಹೋಗಲಿ ಬಿಡ್ರಿ" ಅಂದೆ.

"ಹೋಗಲಿ ಬಿಡು ಅಂತ ನೀ ಅನಬ್ಯಾಡ. ಬೈಬೇಕನಿಸಿದ್ರ ಬೈ. ಇವತ್ತ ಹೆಂಗೂ ಸುರು ಮಾಡೀದಿ" ಅಂದರು ಅತ್ತೆ. ನನಗೆ ಅಳುವಿನ ನಡುವೆ ನಗು ಬಂತು. ಅತ್ತೆಯೂ ನಕ್ಕರು. ಯಾಕೆಂದು ತಿಳಿಯದೆ ಉಳಿದಿಬ್ಬರೂ ನಕ್ಕರು.

ಏಳುವ ಮೊದಲು ಅತ್ತೆ ಬ್ಯಾಗು ಬಿಚ್ಚಿ ಒಂದು ಖಡಕ್ ರೊಟ್ಟಿ ತೆಗೆದುಕೊಟ್ಟರು. ಆ ಹೆಂಗಸು ಅದನ್ನು ಬೆರಳಿನಿಂದ ತಟ್ಟಿ, ಅದರ ಸದ್ದು ಕೇಳಿ ಖುಷಿಯಾದಳು. ಅವರಲ್ಲೂ ಅಕ್ಕಿಹಿಟ್ಟಿನ ಇಂಥದೇ ತೆಳ್ಳನೆಯ ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು ತಿನ್ನುತ್ತಾರಂತೆ. ಮುರಿದು, ಪಾಕದಲ್ಲಿ ಅದ್ದಿ ತಿಂದು ತಲೆದೂಗಿದಳು. "ಜೋಳದ್ದು ಅಂತ ಹೇಳು" ಎಂದರು ಅತ್ತೆ. ಬಿಳಿಜೋಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೈಡಿಗೆ ಗೊತ್ತಿರಲಿಲ್ಲ. ಕೊನೆಗೆ ಕೈಯಿಂದ ಎತ್ತರ ತೋರಿಸಿ, ತೆನೆ ತೋರಿಸಿ ಹೇಗೋ ತಿಳಿಸಿದೆವು.

ದೊಡ್ಡ ರಸ್ತೆಗೆ ಮರಳಿದಾಗ ನಮ್ಮ ಗುಂಪು ಆಚೆ ಬದಿಯಲ್ಲಿ ನಿಂತಲ್ಲೇ ನಿಂತಿತ್ತು. ನಮ್ಮನ್ನು ಕಂಡು ಎಲ್ಲರೂ ಕೈ ಬೀಸಿದರು. ಗೈಡು ಅವರನ್ನು ಕರೆತರಲು ಹೊರಟಳು. "ನಡಿ, ನಾವೂ ಹೋಗೂನು" ಎಂದು ಅತ್ತೆ ನನ್ನ ಕೈ ಹಿಡಿದರು. ಮೂವರೂ ದಾಟಿ ಹೋಗಿ, ಸಣ್ಣ ಸಣ್ಣ ಗುಂಪಾಗಿ ಅವರನ್ನು ಕರೆತಂದೆವು. ಇಂಡಿಯವರು ಕಟ್ಟಕಡೆಗೆ ಬಂದರು, ಅತ್ತೆಯ ಒಂದು ಕೈಯನ್ನು ತಮ್ಮ ಎರಡೂ ಕೈಯಿಂದ ಹಿಡಿದುಕೊಂಡು. "ಅವ್ವಾರ, ಬಿಡಬ್ಯಾಡ್ರಿ ಮತ್ತ" ಅನ್ನುತ್ತಲೇ ಇದ್ದರು. "ಬಿಡಂಗಿಲ್ಲ, ನೀ ಕಣ್ಣ ತಗಿ ಮೊದಲ" ಅನ್ನುತ್ತಿದ್ದರು ಅತ್ತೆ.

ಉಳಿದ ದಿನಗಳಲ್ಲಿ ನದಿಯಲ್ಲಿ ದೋಣಿ ಹತ್ತಿದೆವು, ದೊಡ್ಡ ಮಾರುಕಟ್ಟೆ ನೋಡಿದೆವು, ಬಣ್ಣದ ದೀಪಗಳ ಬೀದಿಯಲ್ಲಿ ಅಡ್ಡಾಡಿದೆವು. ಎಲ್ಲವೂ ಚೆನ್ನಾಗಿತ್ತು. ಆದರೆ ಹೊರಡುವ ದಿನದ ಬೆಳಗು ನನಗೆ ಹೆಚ್ಚು ನೆನಪಿದೆ. ಹೋಟೆಲಿನ ಹತ್ತಿರದ ಉದ್ಯಾನದಲ್ಲಿ ವಯಸ್ಸಾದ ಹೆಂಗಸರು ಸಾಲಾಗಿ ನಿಂತು, ಹಾಡು ಹಾಕಿಕೊಂಡು ಕಸರತ್ತು ಮಾಡುತ್ತಿದ್ದರು. ನಾನು ಬೆಂಚಿನ ಮೇಲೆ ಕೂತು ಯಜಮಾನರಿಗೆ ವಿಡಿಯೋ ಕಾಲ್ ಹಚ್ಚಿದೆ. "ಅವ್ವ ಎಲ್ಲದಾಳ?" ಎಂದರು.

ಕಡೆಯ ಸಾಲಿನಲ್ಲಿ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ ನಿಂತಿದ್ದರು. ಮುಂದಿನವರು ಎಡಕ್ಕೆ ಬಾಗಿದರೆ ಇವರು ಬಲಕ್ಕೆ ಬಾಗುತ್ತಿದ್ದರು. ಪಕ್ಕದಾಕೆ ನಗುತ್ತ ಅವರ ಭುಜ ಹಿಡಿದು ತಿರುಗಿಸಿದಳು. ನಾನು ಫೋನನ್ನು ಆ ಕಡೆಗೆ ಹಿಡಿದೆ.